ನಡೆದ ದಾರಿ ಮನೆಯ ಗೋಡೆಗೆ ಬರಲಿ

(ಬೆಟ್ಟದೂರುಗಳ ಮೂರು ದಿನಗಳ ಕಾಲ್ನಡಿಗೆಯ ಸಮಾರೋಪದಲ್ಲಿ ವಿದ್ಯಾರ್ಥಿಗಳನ್ನೂ ಗ್ರಾಮಸ್ಥರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಮೂರು ದಿನ ನಡೆದು ಬಂದಿದ್ದೀರಿ. ಉಂಬಳ ಕಚ್ಚಿದ ಗಾಯ ಇನ್ನೂ ಒಣಗಿಲ್ಲ. ಕಾಲಿನ ನೋವು ನಾಳೆ ಬೆಳಗ್ಗೆ ಇನ್ನಷ್ಟು ತಿಳಿಯಲಿದೆ. ನೋವು ಒಂದು ವಾರದಲ್ಲಿ ಹೋಗುತ್ತದೆ, ಗಾಯದ ಗುರುತು ಒಂದು ತಿಂಗಳಲ್ಲಿ ಮಾಯುತ್ತದೆ. ಆದರೆ ನೀವು ಕಂಡ ಕಾನು, ದಾಟಿದ ಹಳ್ಳ, ದಾರಿಯಲ್ಲಿ ಕರೆದು ಮಜ್ಜಿಗೆ ಕೊಟ್ಟ ಮನೆ, ಇವು ನಿಮ್ಮೊಳಗೆ ಎಷ್ಟು ದಿನ ಉಳಿಯುತ್ತವೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಪ್ರವಾಸದ ನೆನಪನ್ನು ಚಿತ್ರವಾಗಿಸಿ ಮನೆಯಲ್ಲಿ ಇಡುವುದು ಹೇಗೆ, ಏಕೆ ಎಂಬುದು ನನಗೆ ಒಪ್ಪಿಸಿರುವ ವಿಷಯ. ಪರಿಸರದ ಸಭೆಯಲ್ಲಿ ಚಿತ್ರದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅಣೆಕಟ್ಟು, ಗಣಿ, ಗುಡ್ಡ ಕುಸಿತ, ಕಾನಿನ ಒತ್ತುವರಿ ಎಂದು ಮಾತನಾಡಬೇಕಾದ ಸಂಗತಿಗಳು ಸಾಲುಗಟ್ಟಿ ನಿಂತಿರುವಾಗ ಬಣ್ಣ ಮತ್ತು ಕುಂಚ ಯಾರಿಗೆ ಬೇಕು? ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಯೋಚಿಸುತ್ತ ಹೋದಂತೆ, ಈ ಎಲ್ಲ ಸಂಗತಿಗಳ ಬೇರು ಮನೆಯ ಗೋಡೆಯ ತನಕವೂ ಚಾಚಿದೆ ಎಂದು ತಿಳಿಯಿತು.

ನಮ್ಮ ಊರುಗಳ ಜಗಲಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಗೋಡೆಯ ಮೇಲೆ ದೇವರ ಪಟ, ಹಿರಿಯರ ಭಾವಚಿತ್ರ, ಸೊಸೈಟಿಯ ಕ್ಯಾಲೆಂಡರು. ಅವುಗಳ ನಡುವೆ ಪೇಟೆಯಿಂದ ತಂದ ಒಂದು ದೃಶ್ಯದ ಪಟ. ಹಿಮ ಹೊದ್ದ ಪರ್ವತ, ಬುಡದಲ್ಲಿ ನೀಲಿ ಸರೋವರ, ದಂಡೆಯಲ್ಲಿ ಮರದ ಮನೆ. ಆ ಊರಿಗೆ ಮನೆಯವರು ಯಾರೂ ಹೋಗಿಲ್ಲ. ಅದರ ಹೆಸರೂ ಯಾರಿಗೂ ಗೊತ್ತಿಲ್ಲ. ಮನೆಯ ಹಿಂದೆ ಅರ್ಧ ಮೈಲಿ ನಡೆದರೆ ಸಿಗುವ ಅಬ್ಬಿ ಮಾತ್ರ ಗೋಡೆಯ ಮೇಲಿಲ್ಲ. ಚೆಂದವೆಂಬುದು ಬೇರೆಲ್ಲೋ ಇದೆ, ನಮ್ಮದು ಬರಿಯ ಕಾಡು ಎಂಬ ಪಾಠವನ್ನು ಆ ಪಟ ದಿನವೂ ಸದ್ದಿಲ್ಲದೆ ಹೇಳಿಕೊಡುತ್ತದೆ. ಈ ಪಾಠ ಕಲಿತು ಬೆಳೆದ ಮಗುವಿಗೆ, ಮುಂದೊಂದು ದಿನ ಅಬ್ಬಿಯ ನೀರನ್ನು ಯಾರಾದರೂ ತಿರುಗಿಸಿ ಒಯ್ಯಲು ಬಂದರೆ, ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆಂದು ಹೇಳಲು ಮಾತು ಸಿಗುವುದಿಲ್ಲ.

ಗೋಡೆಯ ಮೇಲೆ ಏನಿರಬೇಕು ಎಂಬುದು ಬರಿಯ ಅಲಂಕಾರದ ಪ್ರಶ್ನೆಯಾಗಿ ನನಗೆ ಕಾಣದಿರುವುದು ಇದಕ್ಕಾಗಿಯೇ.

ಮಲಗಿದಲ್ಲೇ ಬೆಟ್ಟ ಹತ್ತಿದವನು

ನಡೆದ ಬೆಟ್ಟವನ್ನು ಮನೆಯ ಗೋಡೆಗೆ ತಂದವರಲ್ಲಿ ಬಹಳ ಹಳಬನೊಬ್ಬನ ಕಥೆ ಚೀನಾ ದೇಶದ್ದು. ಆತನ ಹೆಸರು ಜೊಂಗ್ ಬಿಂಗ್. ಕ್ರಿಸ್ತಶಕ 375ರಲ್ಲಿ ಹುಟ್ಟಿ 443ರಲ್ಲಿ ತೀರಿಕೊಂಡವನು. ಬೌದ್ಧ ಧರ್ಮದಲ್ಲಿ ಶ್ರದ್ಧೆಯಿದ್ದವನು. ಸರ್ಕಾರದ ಹುದ್ದೆಗಳಿಗೆ ಕರೆ ಬಂದರೂ ಒಪ್ಪದೆ ಬೆಟ್ಟಗಳಲ್ಲಿ ಅಲೆದನು. ಅವನ ಹೆಂಡತಿಗೂ ಅದೇ ಒಲವಿತ್ತು ಎಂದು ಅವನ ಚರಿತ್ರೆ ಹೇಳುತ್ತದೆ. ದಕ್ಷಿಣದ ಹೆಂಗ್ ಪರ್ವತದಲ್ಲಿ ಒಂದು ಗುಡಿಸಲನ್ನೂ ಕಟ್ಟಿಕೊಂಡಿದ್ದನು. ಮುಂದೆ ಕಾಯಿಲೆ ಬಿದ್ದು ಜಿಯಾಂಗ್‌ಲಿಂಗಿನ ತನ್ನ ಮನೆಗೆ ಮರಳಬೇಕಾಯಿತು. ಮುಪ್ಪು ಮತ್ತು ರೋಗ ಜೊತೆಯಾಗಿ ಬಂದವು, ಇನ್ನು ಬೆಟ್ಟಗಳನ್ನು ಕಾಣುವುದು ಸಾಧ್ಯವಾಗದು ಎಂದು ನೊಂದನು. ಆಗ ಅವನು ಕಂಡುಕೊಂಡ ದಾರಿ ಸರಳವಾದದ್ದು. ತಾನು ಅಲೆದ ಬೆಟ್ಟಗಳನ್ನೆಲ್ಲ ಕೋಣೆಯ ಗೋಡೆಗಳ ಮೇಲೆ ಬರೆದನು. ಅವುಗಳ ನಡುವೆ ಮಲಗಿಕೊಂಡೇ ಯಾತ್ರೆ ಮಾಡುವೆನೆಂದನು. ತಂತಿವಾದ್ಯ ನುಡಿಸುವಾಗ ಗೋಡೆಯ ಬೆಟ್ಟಗಳೆಲ್ಲ ಮಾರ್ದನಿ ಕೊಡಬೇಕೆಂಬುದು ಅವನ ಆಸೆಯಾಗಿತ್ತು.

ಬೆಟ್ಟ–ನೀರಿನ ಚಿತ್ರವನ್ನು ಕುರಿತು ಜೊಂಗ್ ಬಿಂಗ್ ಬರೆದ ಪುಟ್ಟ ಪ್ರಬಂಧವೊಂದು ಉಳಿದುಬಂದಿದೆ. ಆ ವಿಷಯದ ಮೇಲೆ ನಮಗೆ ದೊರೆತಿರುವ ಅತಿ ಹಳೆಯ ಬರಹಗಳಲ್ಲಿ ಅದೊಂದು. ಅವನ ಚಿತ್ರಗಳು ಮಾತ್ರ ಒಂದೂ ಉಳಿದಿಲ್ಲ. ಹತ್ತಿರ ನಿಂತರೆ ಬೆಟ್ಟದ ಆಕಾರ ಕಣ್ಣಿಗೆ ಹಿಡಿಯುವುದಿಲ್ಲ, ದೂರ ಹೋದರೆ ಅದು ಪುಟ್ಟ ಕಣ್ಣಿನೊಳಗೆ ಅಡಗುತ್ತದೆ ಎಂದು ಅವನು ವಿವರಿಸುತ್ತಾನೆ. ಮೂರು ಅಂಗುಲದ ಒಂದು ಗೀಟು ಸಾವಿರಾರು ಮಾರು ಎತ್ತರದ ಶಿಖರಕ್ಕೆ ಸಮನಾಗಬಲ್ಲದು ಎಂಬುದು ಅವನ ಮಾತಿನ ಸಾರ.

ಇದರಲ್ಲಿ ನಮಗೊಂದು ಪಾಠವಿದೆ. ದೂರವೆಂದರೆ ಜಾಗದ ದೂರ ಮಾತ್ರವಲ್ಲ, ಕಾಲದ ದೂರವೂ ಹೌದು. ಬೆಟ್ಟದ ಮೇಲೆ ನಿಂತಿದ್ದಾಗ ನಮಗೆ ಕಾಣುವುದು ಕಾಲ ಬುಡದ ಕಲ್ಲು, ಮುಂದೆ ಹೋಗುವವನ ಬೆನ್ನು, ಬಾಯಾರಿಕೆ. ಮನೆಗೆ ಬಂದು ಕಣ್ಣು ಮುಚ್ಚಿದಾಗ ಬೆಟ್ಟ ಇಡಿಯಾಗಿ ಕಾಣತೊಡಗುತ್ತದೆ. ನೆನಪಿನಿಂದ ಚಿತ್ರ ಬರೆಯುವವನು ಕಂಡದ್ದನ್ನೆಲ್ಲ ಬರೆಯುವುದಿಲ್ಲ, ತನ್ನಲ್ಲಿ ಉಳಿದದ್ದನ್ನು ಬರೆಯುತ್ತಾನೆ. ಆದ್ದರಿಂದ ಮೊಬೈಲಿನಲ್ಲಿ ತೆಗೆದ ಇನ್ನೂರು ಫೋಟೋಗಳು ಮಾಡಲಾರದ ಒಂದು ಕೆಲಸವನ್ನು ಒಂದು ಚಿತ್ರ ಮಾಡುತ್ತದೆ. ನಿಮ್ಮೊಳಗೆ ಏನು ಉಳಿದಿದೆ, ಏನು ಜಾರಿಹೋಗಿದೆ ಎಂದು ಅದು ನಿಮಗೇ ತಿಳಿಸಿಕೊಡುತ್ತದೆ.

ಅಜ್ಜಿ ಕೇಳಿದ ಪ್ರಶ್ನೆ

ಏನು ಜಾರಿಹೋಗಿದೆ ಎಂಬುದು ನನಗೆ ತಿಳಿದ ಬಗೆಯನ್ನು ಸಂಕೋಚದಿಂದಲೇ ಹೇಳುತ್ತೇನೆ. ಕಾಲೇಜಿನ ದಿನಗಳಲ್ಲಿ ಗೆಳೆಯರೊಡನೆ ಕೊಡಚಾದ್ರಿಗೆ ಹೋಗಿದ್ದೆ. 1,343 ಮೀಟರು ಎತ್ತರದ ಆ ಬೆಟ್ಟದ ತುದಿಯಲ್ಲಿ ಸರ್ವಜ್ಞಪೀಠವೆಂದು ಕರೆಯುವ ಪುಟ್ಟ ಕಲ್ಲುಮಂಟಪವಿದೆ. ಅಲ್ಲಿಂದ ಪಡುವಣದ ಕಡೆ ಸೂರ್ಯ ಮುಳುಗುವುದನ್ನು ಕಂಡೆವು. ಮನೆಗೆ ಬಂದು ಹದಿನೈದು ದಿನ ಕೂತು ಆ ಸಂಜೆಯನ್ನು ಬಣ್ಣಗಳಲ್ಲಿ ಬರೆದೆ. ಕೆಂಪು ಆಕಾಶ, ಕಪ್ಪು ಮಂಟಪ, ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬೆಟ್ಟಸಾಲು. ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದೆ. ಬಂದವರೆಲ್ಲ ಮೆಚ್ಚಿದರು. ನನಗೂ ಹೆಮ್ಮೆಯಾಯಿತು.

ಅಜ್ಜಿ ಮಾತ್ರ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ನೋಡಿ, “ಬೆಟ್ಟ ಚೆಂದ ಕಾಣ್ತದೆ ತಮ್ಮಾ. ನೀನು ಹತ್ತಿದ ದಾರಿ ಎಲ್ಲಿ? ದಾರಿಯಲ್ಲಿ ಆಸರಿಗೆ ಕೊಟ್ಟ ಮನೆ ಎಲ್ಲಿ?” ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ನಾವು ಹತ್ತಿದ್ದು ಊರವರು ದನ ಹೊಡೆದು, ಸೊಪ್ಪು ಹೊತ್ತು ಸವೆಸಿದ ದಾರಿಯಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಮನೆಯ ತಾಯಿ ನೀರು, ಬೆಲ್ಲ ಕೊಟ್ಟು, ಮುಂದಿನ ಕವಲಿನಲ್ಲಿ ಎಡಕ್ಕೆ ಹೋಗಬೇಡಿ ಎಂದು ಎಚ್ಚರಿಸಿ ಕಳಿಸಿದ್ದರು. ಆ ಮಾತಿಲ್ಲದಿದ್ದರೆ ನಾವು ಸೂರ್ಯಾಸ್ತದ ಹೊತ್ತಿಗೆ ಯಾವುದೋ ಕಮರಿಯಲ್ಲಿರುತ್ತಿದ್ದೆವು. ಚಿತ್ರದಲ್ಲಿ ಆ ತಾಯಿಗೆ ಒಂದು ಚುಕ್ಕೆಯಷ್ಟೂ ಜಾಗ ಸಿಕ್ಕಿರಲಿಲ್ಲ. ಪೇಟೆಯಿಂದ ತಂದ ಹಿಮಪರ್ವತದ ಪಟವನ್ನು ಕಂಡು ನಗುತ್ತಿದ್ದ ನಾನು, ನನ್ನದೇ ಬೆಟ್ಟವನ್ನು ಅದೇ ಪಟದಂತೆ ಬರೆದಿದ್ದೆ. ಜನರನ್ನು ಒರೆಸಿ ಹಾಕಿ, ಚೆಂದವನ್ನಷ್ಟೇ ಉಳಿಸಿಕೊಂಡಿದ್ದೆ.

ಒಂದು ಚಿತ್ರದ ಬಲ, ಒಂದು ಚಿತ್ರದ ಅಪಾಯ

ಒಂದು ಮನೆಯ ಗೋಡೆಯಲ್ಲಿ ಇದು ಸಣ್ಣ ತಪ್ಪು. ಆದರೆ ಪ್ರವಾಸದ ಚಿತ್ರ ದೇಶದ ಕಾನೂನನ್ನೇ ರೂಪಿಸಲು ನೆರವಾದ ಉದಾಹರಣೆಯೂ ಇದೆ. ಅಮೆರಿಕದ ಯೆಲ್ಲೊಸ್ಟೋನ್ ಪ್ರದೇಶಕ್ಕೆ 1871ರಲ್ಲಿ ಫರ್ಡಿನಂಡ್ ಹೇಡನ್ ಎಂಬ ಭೂವಿಜ್ಞಾನಿಯ ನೇತೃತ್ವದಲ್ಲಿ ಸಮೀಕ್ಷಾ ತಂಡವೊಂದು ಹೋಯಿತು. ಅದರ ಜೊತೆಯಲ್ಲಿ ಥಾಮಸ್ ಮೊರಾನ್ ಎಂಬ ಚಿತ್ರಕಾರನೂ, ವಿಲಿಯಂ ಹೆನ್ರಿ ಜ್ಯಾಕ್ಸನ್ ಎಂಬ ಛಾಯಾಗ್ರಾಹಕನೂ ಇದ್ದರು. ಬಿಸಿನೀರಿನ ಬುಗ್ಗೆಗಳು, ಹಳದಿ ಬಂಡೆಗಳ ಆಳವಾದ ಕಮರಿ, ಜಲಪಾತ, ಇವುಗಳ ಸುದ್ದಿ ಕೇಳಿ ಅನೇಕರು ಅದುವರೆಗೆ ನಂಬಿರಲಿಲ್ಲ. ಮೊರಾನನ ಜಲವರ್ಣ ಚಿತ್ರಗಳನ್ನೂ ಜ್ಯಾಕ್ಸನ್ನನ ಛಾಯಾಚಿತ್ರಗಳನ್ನೂ ಅಲ್ಲಿನ ಸಂಸತ್ತಿನ ಸದಸ್ಯರ ಮುಂದೆ ಇಡಲಾಯಿತು. 1872ರ ಮಾರ್ಚ್ 1ರಂದು ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಸಹಿ ಹಾಕಿದ ಶಾಸನದಿಂದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಮೊರಾನ್ ಮನೆಗೆ ಮರಳಿ ಆ ಕಮರಿಯನ್ನು ಸುಮಾರು 7 ಅಡಿ ಎತ್ತರ, 12 ಅಡಿ ಅಗಲದ ತೈಲಚಿತ್ರವಾಗಿ ಬರೆದನು. ಸಂಸತ್ತು ಅದನ್ನು ಹತ್ತು ಸಾವಿರ ಡಾಲರಿಗೆ ಕೊಂಡಿತು.

ಪರಿಸರ ಪ್ರೇಮಿಗಳು ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುವುದುಂಟು. ಬೆಟ್ಟದೂರಿನವರಾದ ನಾವು ಮುಂದಿನದನ್ನೂ ಓದಬೇಕು. ಜನರ ಹಿತಕ್ಕಾಗಿ, ಆನಂದಕ್ಕಾಗಿ ಈ ಭೂಮಿಯನ್ನು ಮೀಸಲಿಡಲಾಗಿದೆ ಎಂದ ಅದೇ ಶಾಸನ, ಅಲ್ಲಿ ನೆಲೆಸುವವರನ್ನು ಅತಿಕ್ರಮಣಕಾರರೆಂದು ಪರಿಗಣಿಸಿ ಹೊರಹಾಕಬೇಕೆಂದೂ ಹೇಳಿತು. ಶೊಶೊನಿ, ಬ್ಯಾನಕ್, ಕ್ರೋ ಮೊದಲಾದ ಮೂಲನಿವಾಸಿ ಸಮುದಾಯಗಳು ತಲೆಮಾರುಗಳಿಂದ ಬೇಟೆಗೆ, ಗೆಡ್ಡೆಗೆಣಸಿಗೆ, ಆಯುಧದ ಕಲ್ಲಿಗೆ ಆ ನೆಲವನ್ನು ಆಶ್ರಯಿಸಿದ್ದವು. ಮುಂದಿನ ವರ್ಷಗಳಲ್ಲಿ ಅವರನ್ನು ಉದ್ಯಾನದಿಂದ ದೂರವಿಡಲಾಯಿತು. ನೋಡಲು ಬರುವವನ ಆನಂದ ಲೆಕ್ಕಕ್ಕೆ ಬಂತು, ಬದುಕುತ್ತಿದ್ದವನ ದಾರಿ ಲೆಕ್ಕಕ್ಕೆ ಬರಲಿಲ್ಲ. ಇದಕ್ಕೆ ಒಂದು ಚಿತ್ರವನ್ನೇ ಹೊಣೆ ಮಾಡುವುದು ಸರಿಯಲ್ಲ. ಆದರೂ ಜನರಿಲ್ಲದ ಅದ್ಭುತ ಭೂಮಿ ಎಂಬ ಕಲ್ಪನೆಯನ್ನು ದೂರದ ನಗರಗಳಲ್ಲಿ ಬೆಳೆಸಿದ್ದರಲ್ಲಿ ಚಿತ್ರಗಳ ಪಾಲೂ ಇತ್ತು.

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಎಂಬ ಮಾತುಗಳು ನಮ್ಮ ಘಟ್ಟದ ಮೇಲಿನವರಿಗೂ ಹೊಸತಲ್ಲ. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಿನ ಅಂಚಿನಲ್ಲಿ ಬದುಕುವವನು ಚಿತ್ರದಿಂದಲೂ ನಕ್ಷೆಯಿಂದಲೂ ಮಾಯವಾದರೆ, ಕಾಡು ಉಳಿಸುವ ಮಾತು ಅವನ ಕಿವಿಗೆ ಬೆದರಿಕೆಯಾಗಿ ಕೇಳಿಸುತ್ತದೆ. ಅಜ್ಜಿಯ ಪ್ರಶ್ನೆ ನನ್ನೊಬ್ಬನ ಚಿತ್ರಕ್ಕೆ ಸಂಬಂಧಿಸಿದ್ದಲ್ಲ ಎಂದು ನನಗೆ ಅರ್ಥವಾದದ್ದು ಈ ಚರಿತ್ರೆಯನ್ನು ಓದಿದ ಮೇಲೆ.

ಗೋಡೆಗಳು ಮುಳುಗಿದಾಗ

ಪ್ರಯಾಣವನ್ನು ಮನೆಯ ಗೋಡೆಗೆ ತರುವ ಕೆಲಸವನ್ನು ಹಳ್ಳಿಯವರೇ ತಮಗಾಗಿ ಮಾಡಿಕೊಂಡ ಒಂದು ಪದ್ಧತಿ ಈಜಿಪ್ಟಿನಲ್ಲಿದೆ. ಅಲ್ಲಿನ ನೈಲ್ ನದಿಯ ದಂಡೆಯ ಊರುಗಳಲ್ಲಿ ಮನೆಯವರೊಬ್ಬರು ಹಜ್ ಯಾತ್ರೆ ಮಾಡಿದರೆ, ಮನೆಯ ಮುಂಗೋಡೆಯ ಮೇಲೆ ಆ ಯಾತ್ರೆಯನ್ನು ಬರೆಯುತ್ತಾರೆ. ಕಾಬಾ, ಯಾತ್ರಿಕನನ್ನು ಹೊತ್ತೊಯ್ದ ಹಡಗು ಅಥವಾ ವಿಮಾನ, ಒಂಟೆ, ಪವಿತ್ರ ವಾಕ್ಯಗಳು, ಹಲವೆಡೆ ಯಾತ್ರಿಕನ ಹೆಸರು ಮತ್ತು ವರ್ಷ. ಬರೆಯುವವನು ಊರಿನ ಚಿತ್ರಗಾರ. ಅವನೇ ಮಕ್ಕಾಕ್ಕೆ ಹೋಗಿರಬೇಕೆಂದಿಲ್ಲ, ಹೋಗಿ ಬಂದವರ ಮಾತು ಕೇಳಿ ಬರೆಯುವುದೂ ಉಂಟು. ಬೀದಿಯಲ್ಲಿ ಹೋಗುವ ಮಗುವಿಗೆ ಈ ಮನೆಯವರು ಎಲ್ಲಿಗೆ ಹೋದರು, ಹೇಗೆ ಹೋದರು ಎಂದು ಗೋಡೆಯೇ ಹೇಳುತ್ತದೆ. ಒಬ್ಬನ ಯಾತ್ರೆ ಇಡೀ ಬೀದಿಯ ನೆನಪಾಗುತ್ತದೆ.

ಅದೇ ನೈಲ್ ದಂಡೆಯ ದಕ್ಷಿಣದ ತುದಿಯಲ್ಲಿ ನ್ಯೂಬಿಯನ್ನರ ಊರುಗಳಿದ್ದವು. ಸುಣ್ಣ ಬಳಿದು, ಮಣ್ಣಿನ ಉಬ್ಬುಚಿತ್ರ ಮಾಡಿ, ಬಣ್ಣದ ತಟ್ಟೆಗಳನ್ನು ಕೂಡಿಸಿ ಅಲಂಕರಿಸಿದ ಗೋಡೆಗಳಿಗೆ ಆ ಮನೆಗಳು ಹೆಸರಾಗಿದ್ದವು. 1960ರಲ್ಲಿ ಆಸ್ವಾನಿನ ದೊಡ್ಡ ಅಣೆಕಟ್ಟಿನ ಕೆಲಸ ಆರಂಭವಾಯಿತು. 1963 ಮತ್ತು 1964ರಲ್ಲಿ ಈಜಿಪ್ಟಿನ ಭಾಗದ ಸುಮಾರು 50,000 ನ್ಯೂಬಿಯನ್ನರನ್ನು ಕೋಮ್ ಓಂಬೊ ಎಂಬಲ್ಲಿಗೆ ಸಾಗಿಸಲಾಯಿತು. ಆ ಕಾಲದಲ್ಲೇ ಅಬು ಸಿಂಬೆಲ್‌ನ ಪುರಾತನ ದೇವಾಲಯಗಳನ್ನು ಯುನೆಸ್ಕೋದ ನೇತೃತ್ವದಲ್ಲಿ ತುಂಡು ತುಂಡಾಗಿ ಕತ್ತರಿಸಿ, ಸುಮಾರು 65 ಮೀಟರು ಮೇಲಕ್ಕೆ ಒಯ್ದು ಮತ್ತೆ ಜೋಡಿಸಿದರು. ಜಗತ್ತೇ ಕೈಜೋಡಿಸಿದ ದೊಡ್ಡ ಸಾಹಸ ಅದು. ರಾಜರು ಕೆತ್ತಿಸಿದ ಕಲ್ಲು ಮೇಲೆ ಬಂತು. ಮನೆಯವರು ಬಣ್ಣ ಬಳಿದ ಮಣ್ಣುಗೋಡೆ ನೀರಿನಡಿ ಕರಗಿತು.

ಶರಾವತಿಯ ಜನಕ್ಕೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನ್ಯೂಬಿಯನ್ನರು ಏಳುತ್ತಿದ್ದ 1964ರಲ್ಲೇ ನಮ್ಮ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ದೀವರೂ ಸೇರಿದಂತೆ ಅನೇಕ ಸಮುದಾಯಗಳ ಕುಟುಂಬಗಳು ಮನೆ, ಗದ್ದೆ, ತೋಟ, ದೇವರ ಬನಗಳನ್ನು ಬಿಟ್ಟು ಎದ್ದವು. ಕರೂರು ಸೀಮೆಯ ಜನ ಹಿನ್ನೀರಿನಾಚೆ ಉಳಿದರು. ಅವರ ಪಾಲಿಗೆ ಪ್ರಯಾಣವೆಂದರೆ ಲಾಂಚು. ಹೆರಿಗೆಯ ನೋವಿನವರು, ಶಾಲೆಯ ಮಕ್ಕಳು, ದಿಬ್ಬಣ, ಅಡಿಕೆ ಮೂಟೆ, ಸಿಗಂದೂರಿನ ಭಕ್ತರು, ಎಲ್ಲರೂ ದಡದಲ್ಲಿ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಆರು ದಶಕಗಳ ಕಾಯುವಿಕೆ ಮುಗಿಯಿತು. ಆ ಕಷ್ಟ ಇನ್ನೂ ಇರಬೇಕಿತ್ತೆಂದು ಪ್ರವಾಸಿಗನೊಬ್ಬ ಹೇಳಬಹುದು, ನಾವು ಹೇಳಲಾರೆವು. ಆದರೆ ದಡದಲ್ಲಿ ಕಾದವರ ಮುಖ, ಲಾಂಚಿನ ಕಟಾಂಜನ ಹಿಡಿದು ನಿಂತು ನೀರಿನಡಿಯ ತಮ್ಮ ಊರನ್ನು ಬೆರಳು ಮಾಡಿ ತೋರಿಸುತ್ತಿದ್ದ ಹಿರಿಯರ ಕೈ, ಇವುಗಳನ್ನು ಯಾರು ಬರೆದಿಟ್ಟಿದ್ದಾರೆ? ಇನ್ನು ಹತ್ತು ವರ್ಷ ಕಳೆದರೆ ಸೇತುವೆಯ ಮೇಲೆ ವೇಗವಾಗಿ ಹೋಗುವ ಮಗುವಿಗೆ ಅದೊಂದು ಚೆಂದದ ಕೆರೆಯಾಗಿಯಷ್ಟೇ ಕಾಣುತ್ತದೆ.

ಕರೂರು ಸೀಮೆಯ ವಿದ್ಯಾರ್ಥಿಗಳು ಈ ಸಭೆಯಲ್ಲಿ ಇದ್ದರೆ ಅವರಿಗೆ ನನ್ನದೊಂದು ಕೋರಿಕೆ. ಲಾಂಚಿನ ಒಂದು ಪ್ರಯಾಣವನ್ನು ನೆನಪಿನಿಂದ ಬರೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ನೀವು ಮರೆತದ್ದನ್ನು ಅವರು ಹೇಳುತ್ತಾರೆ.

ಬರೆಯುವ ಬಗೆ

ನಮಗೆ ಚಿತ್ರ ಬರೆಯಲು ಬರುವುದಿಲ್ಲ ಎಂದು ಹಲವರು ಈಗಲೇ ಮನಸ್ಸಿನಲ್ಲಿ ಅಂದುಕೊಂಡಿರಬಹುದು. ನಮ್ಮ ಸೀಮೆಯಲ್ಲಿ ಹಾಗೆ ಹೇಳುವ ಹಾಗಿಲ್ಲ. ದೀವರ ಮನೆಗಳ ಹೆಣ್ಣುಮಕ್ಕಳು ಯಾವ ಶಾಲೆಗೂ ಹೋಗದೆ ಹಸೆ ಚಿತ್ತಾರವನ್ನು ಗೋಡೆಗೆ ತಂದವರು. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಯ ಮೇಲೂ ಅದೇ ಕೈಚಳಕ. ಆ ಗೀಟುಗಳಲ್ಲಿ ಮದುಮಕ್ಕಳಿದ್ದಾರೆ, ಹಕ್ಕಿಗಳಿವೆ, ಭತ್ತದ ಸಸಿಗಳಿವೆ. ಮನುಷ್ಯನನ್ನು ಹೊರಗಿಟ್ಟು ಅವರು ಪ್ರಕೃತಿಯನ್ನು ಬರೆಯಲಿಲ್ಲ. ಚಿತ್ತಾರವನ್ನು ನಕಲು ಮಾಡಿ ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಅದರದೇ ಶಾಸ್ತ್ರ ಮತ್ತು ಸಂದರ್ಭಗಳಿವೆ. ಅಂಗಳದ ಮಣ್ಣಿನಿಂದ, ಅಡುಗೆಮನೆಯ ಅಕ್ಕಿಯಿಂದ ಬಣ್ಣ ಮಾಡಿಕೊಂಡ ಆ ಧೈರ್ಯವನ್ನು ಅವರಿಂದ ಕಲಿಯೋಣ ಎನ್ನುತ್ತಿದ್ದೇನೆ.

ಕಾಲ್ನಡಿಗೆಗೆ ಹೋದಾಗ ಪಾಲಿಸಬಹುದಾದ ಕೆಲವು ಸರಳ ಕ್ರಮಗಳನ್ನು ಹೇಳುತ್ತೇನೆ. ಮನಸ್ಸಿಗೆ ಹಿಡಿದ ಜಾಗದಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಆ ಹೊತ್ತಿನಲ್ಲಿ ಪೆನ್ಸಿಲೂ ಬೇಡ, ಮೊಬೈಲೂ ಬೇಡ. ಬಳಿಕ ಐದಾರು ಗೀಟಿನಲ್ಲಿ ದೊಡ್ಡ ಆಕಾರಗಳನ್ನಷ್ಟೇ ಗುರುತು ಹಾಕಿಕೊಳ್ಳಿ. ಬಣ್ಣಗಳನ್ನು ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಹಸಿರು ಎಂದಷ್ಟೇ ಬರೆದರೆ ಸಾಲದು. ಹಲಸಿನ ಎಲೆಯ ಹಸಿರೋ, ಎಳೆ ಭತ್ತದ ಹಸಿರೋ, ಪಾಚಿಯ ಹಸಿರೋ ಎಂದು ಬರೆಯಿರಿ. ದೂರದ ಬೆಟ್ಟ ಏಕೆ ನೀಲಿಯಾಗಿ ಕಾಣುತ್ತದೆಂದು ಗಮನಿಸಿ. ನಮಗೂ ಬೆಟ್ಟಕ್ಕೂ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದೂರ ಹೆಚ್ಚಿದಷ್ಟೂ ಬಣ್ಣ ಮಸುಕಾಗಿ ನೀಲಿಗೆ ತಿರುಗುತ್ತದೆ. ಮಳೆ ನಿಂತ ಮರುದಿನ ಗಾಳಿ ತಿಳಿಯಾದಾಗ ಎಷ್ಟು ಸಾಲು ಬೆಟ್ಟ ಎಣಿಸಬಹುದು, ಬೇಸಗೆಯ ಹೊಗೆಯಲ್ಲಿ ಎಷ್ಟು ಎಂದು ಲೆಕ್ಕವಿಡಿ. ಚಿತ್ರ ಬರೆಯುವವನಿಗೆ ಹವೆಯ ವಿಜ್ಞಾನ ಹೀಗೆ ತಾನಾಗಿ ದಕ್ಕುತ್ತದೆ. ಗಿಡವನ್ನಾಗಲಿ ಹೂವನ್ನಾಗಲಿ ಕಿತ್ತು ತರಬೇಡಿ. ಎಲೆಯ ಅಂಚು, ತೊಗಟೆಯ ಗೆರೆಗಳು ನೆನಪಿರಲೆಂದು ಒಂದೆರಡು ಫೋಟೋ ತೆಗೆದರೆ ತಪ್ಪಿಲ್ಲ. ಫೋಟೋ ಸಾಕ್ಷಿಯಾಗಿರಲಿ, ಯಜಮಾನನಾಗುವುದು ಬೇಡ.

ಮನೆಗೆ ಬಂದ ಮೂರು ದಿನದೊಳಗೆ ಬರೆಯಲು ಕುಳಿತುಕೊಳ್ಳಿ. ಅಂಗಡಿಯ ಬಣ್ಣವಿಲ್ಲದಿದ್ದರೆ ಕೆಮ್ಮಣ್ಣು, ಹಳದಿ ಮಣ್ಣುಗಳನ್ನು ಒಣಗಿಸಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕರಗಿಸಿದ ಜಾಲಿ ಗೋಂದಿನೊಡನೆ ಕಲಸಿದರೆ ಕಾಗದದ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಕಪ್ಪಿಗೆ ಒಲೆಯ ಇದ್ದಿಲಿದೆ. ನಡೆದ ದಾರಿಯ ಮಣ್ಣನ್ನೇ ಒಂದು ಹಿಡಿ ತಂದು ಆ ದಾರಿಯನ್ನು ಬರೆದರೆ ಅದರ ಸಂತೋಷವೇ ಬೇರೆ.

ನಮ್ಮಲ್ಲಿ ಚಿತ್ರಕ್ಕೆ ದೊಡ್ಡ ಶತ್ರು ಮಳೆಗಾಲ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಿದರೆ ಶ್ರಾವಣದ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಒಳಗೋಡೆಯನ್ನು ಆರಿಸಿ, ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಪುಟ್ಟ ಮರದ ತುಂಡು ಅಂಟಿಸಿ, ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡಲು ಬಿಡಿ. ನೇರ ಬಿಸಿಲು ಬೀಳದಿರಲಿ.

ಕೊನೆಯದಾಗಿ ಒಂದು ಮುಖ್ಯ ಕ್ರಮ. ಪ್ರತಿ ಚಿತ್ರದ ಹಿಂಬದಿಯಲ್ಲಿ ಐದು ಸಾಲು ಬರೆಯಿರಿ. ಜಾಗಕ್ಕೆ ಊರವರು ಕರೆಯುವ ಹೆಸರು, ಹೋದ ತಿಂಗಳು ಮತ್ತು ವರ್ಷ, ಅಂದು ಹಳ್ಳದಲ್ಲಿ ನೀರು ಎಲ್ಲಿಯ ತನಕ ಇತ್ತು, ಕಂಡ ಪ್ರಾಣಿಪಕ್ಷಿಗಳು, ದಾರಿ ತೋರಿಸಿದವರು ಯಾರು. ಬೇಣ, ಹಕ್ಕಲು, ಕಾನು, ಅಬ್ಬಿ ಎಂದು ಕೊನೆಗೊಳ್ಳುವ ನೂರಾರು ಸ್ಥಳನಾಮಗಳು ಹಿರಿಯರ ನಾಲಗೆಯಲ್ಲಷ್ಟೇ ಇವೆ. ಅವು ಚಿತ್ರದ ಬೆನ್ನ ಮೇಲಾದರೂ ಉಳಿಯಲಿ. ಅದೇ ಜಾಗವನ್ನು ಐದು ವರ್ಷದ ಬಳಿಕ ಮತ್ತೆ ಬರೆದು ಪಕ್ಕದಲ್ಲಿ ತೂಗುಹಾಕಿದರೆ, ಎರಡು ಪಟಗಳ ನಡುವೆ ಏನು ಬದಲಾಗಿದೆಯೆಂದು ಓದು ಬಾರದವರಿಗೂ ತಿಳಿಯುತ್ತದೆ.

ಗೋಡೆಯಿಂದ ಸಭೆಗೆ

ಮಿತ್ರರೇ, ಶರಾವತಿ ಕಣಿವೆಯ ಸಿಂಗಳೀಕಗಳ ನೆಲೆಯನ್ನು 2019ರಲ್ಲಿ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಯಿತು. ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆ ಪಂಪು ಮಾಡಿ ಕೆಳಗೆ ಬಿಡುವ 2,000 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಯೋಜನೆಯೊಂದರ ಪ್ರಸ್ತಾವ ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ. ಅದರ ಪರ ಮತ್ತು ವಿರೋಧದ ವಾದಗಳನ್ನು ಈ ವೇದಿಕೆಯಲ್ಲಿ ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನಾನು ಹೇಳುವುದು ಇಷ್ಟೇ. ಇಂಥ ಯಾವ ಯೋಜನೆ ಬಂದರೂ ಅಂಕಿಅಂಶಗಳ ದಪ್ಪ ವರದಿ ಬರುತ್ತದೆ. ಅದರಲ್ಲಿ ಇಷ್ಟು ಹೆಕ್ಟೇರು, ಇಷ್ಟು ಮರ ಎಂದಿರುತ್ತದೆ. ಆ ಹೆಕ್ಟೇರಿನಲ್ಲಿ ಏನಿದೆಯೆಂದು ಹೇಳಬಲ್ಲವರು ಅಲ್ಲಿ ನಡೆದವರು ಮಾತ್ರ. ನಡೆದವರು ಮರೆತಿದ್ದರೆ ವರದಿಯೇ ಸತ್ಯವಾಗುತ್ತದೆ.

ಚಿತ್ರದಿಂದ ಅಣೆಕಟ್ಟು ನಿಲ್ಲುತ್ತದೆ ಎಂಬ ಭ್ರಮೆ ನನಗಿಲ್ಲ. ಲಿಂಗನಮಕ್ಕಿಯ ನೀರಿನಡಿ ಹೋದ ಗೋಡೆಗಳಲ್ಲಿ ಚಿತ್ತಾರವಿತ್ತು, ಆದರೂ ನೀರು ಬಂತು. ಆದರೆ ಹಳ್ಳವೊಂದು ಮನೆಯ ಗೋಡೆಯ ಮೇಲೆ ಇದ್ದರೆ, ದಿನಕ್ಕೆ ಹತ್ತು ಸಲ ಅದರ ಮುಂದೆ ಓಡಾಡಿದ ಮಗು ಸಭೆಯಲ್ಲಿ ಎದ್ದು ನಿಂತು, ಈ ಹಳ್ಳ ನನಗೆ ಗೊತ್ತು, ಇದಕ್ಕೆ ಹೀಗೆ ಹೆಸರು, ಬೇಸಗೆಯಲ್ಲೂ ಇಲ್ಲಿ ಇಷ್ಟು ನೀರಿರುತ್ತದೆ, ಇದರ ದಂಡೆಯಲ್ಲಿ ಇಂಥವರ ಮನೆಯಿದೆ ಎಂದು ಹೇಳಬಲ್ಲದು. ಅಷ್ಟು ಹೇಳಬಲ್ಲ ಹತ್ತು ಮಕ್ಕಳಿದ್ದ ಊರನ್ನು ಖಾಲಿ ಜಾಗವೆಂದು ಯಾರೂ ಬರೆಯಲಾರರು.

ನನ್ನ ಕೊಡಚಾದ್ರಿಯ ಚಿತ್ರ ಏನಾಯಿತೆಂದು ಕೇಳುವವರಿಗಾಗಿ ಒಂದು ಮಾತು. ಅದನ್ನು ಕೆಳಗಿಳಿಸಿ, ಕಟ್ಟು ಬಿಚ್ಚಿ, ಬೆಟ್ಟದ ಮೈಮೇಲೆ ಒಂದು ಕೆಂಪು ದಾರಿಯನ್ನು ಸೇರಿಸಿದೆ. ದಾರಿಯ ನಡುವೆ ಒಂದು ಹುಲ್ಲಿನ ಮಾಡು, ಮುಂದೆ ಚೊಂಬು ಹಿಡಿದು ನಿಂತ ಒಬ್ಬ ತಾಯಿ. ಬಣ್ಣ ಹೊಂದಿಕೆಯಾಗಲಿಲ್ಲ, ಆಕೃತಿಯೂ ಸ್ವಲ್ಪ ದೊಡ್ಡದಾಯಿತು. ಅಜ್ಜಿ ಅದನ್ನು ನೋಡಿ, “ಈಗ ಹೋಗಬಹುದು” ಎಂದರು. ಮಂಡಿನೋವಿನಿಂದ ಅಂಗಳ ದಾಟಲಾರದಿದ್ದ ಅವರು ತಮ್ಮ ಕಡೆಯ ವರ್ಷಗಳಲ್ಲಿ ಆ ದಾರಿಯನ್ನು ಎಷ್ಟು ಸಲ ಹತ್ತಿದರೋ ನನಗೆ ತಿಳಿಯದು.

ಮಕ್ಕಳೇ, ನಿಮ್ಮ ಚೀಲದಲ್ಲಿ ಕಾಗದವಿದೆ, ಕಾಲಿಗೆ ಅಂಟಿದ ಮಣ್ಣು ಇನ್ನೂ ಹಸಿಯಾಗಿದೆ. ಇಂದಿನಿಂದ ಮೂರು ದಿನದೊಳಗೆ ಒಬ್ಬೊಬ್ಬರೂ ಒಂದೊಂದು ಚಿತ್ರ ಬರೆಯಿರಿ. ಅದರಲ್ಲಿ ನೀವು ನಡೆದ ದಾರಿ ಇರಲಿ, ನಿಮಗೆ ನೀರು ಕೊಟ್ಟವರು ಇರಲಿ. ಮುಂದಿನ ಸಭೆಗೆ ಅವುಗಳನ್ನೆಲ್ಲ ತನ್ನಿ, ಈ ಶಾಲೆಯ ಗೋಡೆಯ ಮೇಲೆ ಒಂದು ದಿನ ತೂಗುಹಾಕಿ, ಬಳಿಕ ಅವರವರ ಮನೆಗೆ ಒಯ್ಯೋಣ. ಜಗಲಿಯ ಹಿಮಪರ್ವತವನ್ನು ತೆಗೆದು ಹಾಕಬೇಕೆಂದಿಲ್ಲ. ಅದರ ಪಕ್ಕದಲ್ಲಿ ನಮ್ಮ ಅಬ್ಬಿಗೂ ಒಂದು ಮೊಳೆ ಹೊಡೆಯೋಣ.